ಅವಳ ಪರವಾಗಿ ಕೊಟ್ಟ ಉತ್ತರ

ಆಸ್ಪತ್ರೆಯಲ್ಲಿ ನನ್ನ ಹೆಂಡತಿಯನ್ನು ಒಂದು ಪ್ರಶ್ನೆ ಕೇಳಿದರು. ಅವಳು ಕನ್ನಡದಲ್ಲಿ ಒಂದು ಉತ್ತರ ಹೇಳಿದಳು. ನಾನು ಅದನ್ನು ಬದಲಾಯಿಸಿ ತಮಿಳಿನಲ್ಲಿ ಬೇರೆಯೇ ಹೇಳಿದೆ. ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಆ ಒಂದು ಮಾತಿನಿಂದ ಅವಳಿಗೆ ತನ್ನ ಕೊನೆಯ ತಿಂಗಳುಗಳನ್ನು ಇಷ್ಟಪಟ್ಟ ಕಡೆ ಕಳೆಯಲಾಗಲಿಲ್ಲ. ಅವಳ ಒಡಹುಟ್ಟಿದ ತಂಗಿ, ಅಕ್ಕನಿಗೆ ತಾನು ಬೇಡವಾದೆನೆಂದು ನಂಬಿಕೊಂಡು ನೊಂದಳು. ಆ ತಂಗಿಗೆ ನಿಜ ಹೇಳಿಬರಬೇಕು ಎಂದು ನಾನು ಹೊರಟಿದ್ದು ಈ ವರ್ಷ. ಅದನ್ನೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ಬರವಣಿಗೆಯ ಅಭ್ಯಾಸವಿಲ್ಲ. ತಪ್ಪಿದ್ದ ಕಡೆ ಓದುವವರು ತಿದ್ದಿಕೊಳ್ಳಬೇಕು.

ನಾವಿಬ್ಬರೂ ಹೊಸೂರಿನ ಆಚೆ, ತಳಿ ಕಡೆಯ ಹಳ್ಳಿಗಳವರು. ಆ ಊರುಗಳು ತಮಿಳುನಾಡಿಗೆ ಸೇರಿದ್ದರೂ ಮನೆಯಲ್ಲಿ ಕನ್ನಡ, ನಮ್ಮ ಕಾಲಕ್ಕೆ ಶಾಲೆಯಲ್ಲೂ ಕನ್ನಡ. ಮದುವೆಯಾದ ಹೊಸತರಲ್ಲಿ ಕೆಲಸ ಹುಡುಕಿಕೊಂಡು ಮದ್ರಾಸಿಗೆ ಬಂದೆ. ಅಂಬತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್ ಆದೆ. ಕಿಟಕಿಯ ಹಿಂದೆ ಕೂತು ಡ್ರಿಲ್ ಬಿಟ್, ಸ್ಪ್ಯಾನರು, ಗೇಜು ಎತ್ತಿಕೊಡುವುದು, ಸಂಜೆ ಒರೆಸಿ ವಾಪಸ್ ಇಟ್ಟುಕೊಳ್ಳುವುದು. ನಿವೃತ್ತಿಯಾದ ಮೇಲೂ ಮಾಲೀಕರು ಕರೆದದ್ದರಿಂದ ಅರ್ಧ ದಿನ ಹೋಗಿಬರುತ್ತಿದ್ದೆ. ಒಬ್ಬಳೇ ಮಗಳು, ಮದುವೆಯಾಗಿ ತಾಂಬರದಲ್ಲಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು.

ನಮ್ಮ ಕಡೆಯ ಮನೆಗಳಲ್ಲಿ ಹೊರಗಿನ ಮಾತು ಗಂಡಸಿನದು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಡಾಕ್ಟರ ಎದುರಲ್ಲಿ ನಾನೇ ಮಾತಾಡುತ್ತಿದ್ದೆ, ಅವಳು ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹೊಟ್ಟೆನೋವು ಎಲ್ಲಿ ಎಂದು ಡಾಕ್ಟರು ಅವಳನ್ನು ಕೇಳಿದರೂ ನಾನೇ ನನ್ನ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದೆ. ಹಾಗೆಂದು ಅವಳಿಗೆ ತಮಿಳು ಬರುತ್ತಿರಲಿಲ್ಲ ಎಂದಲ್ಲ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಓದಿದವರ ಮುಂದೆ ಬಾಯಿ ತೆರೆಯಲು ನಾಚಿಕೆ, ಅಷ್ಟೇ. ಬೆಳಿಗ್ಗೆ ಬಾಗಿಲಿಗೆ ಬರುವ ಕೀರೆ ಸೊಪ್ಪಿನವಳ ಹತ್ತಿರ ಆ ನಾಚಿಕೆ ಇರಲಿಲ್ಲ.

"ನೇತ್ತು ಕುಡುತ್ತ ಕೀರೆ ಪೂರಾ ಪೂಚ್ಚಿ ಕಣಮ್ಮಾ!" ಎಂದು ಶುರುಮಾಡುತ್ತಿದ್ದಳು. ನಿನ್ನೆ ಕೊಟ್ಟ ಸೊಪ್ಪಿನ ತುಂಬ ಹುಳ ಎಂದು.

ಸೊಪ್ಪಿನವಳೂ ಬಿಡುವವಳಲ್ಲ. ಹುಳಕ್ಕೆ ನಾನೇನು ಬೇರೆ ಕಾಸು ಕೇಳಿದೆನಾ ಎನ್ನುತ್ತಿದ್ದಳು.

"ನಮ್ಮೂರಲ್ಲಿ ಹುಳಕ್ಕೇ ಕಾಸು ಕಣೆ, ಸೊಪ್ಪಿಗಲ್ಲ" ಎಂದು ಇವಳು ಕನ್ನಡದಲ್ಲಿ ಹೇಳಿ ನಗುತ್ತಿದ್ದಳು. ಇವಳ ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆ ತಮಾಷೆ ಸೊಪ್ಪಿನವಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ನಗುತ್ತಿದ್ದಳು. ಒಳಗೆ ಹಲ್ಲುಜ್ಜುತ್ತ ನಾನು ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ಈಗ ಬೆಳಿಗ್ಗೆ ಎಂದರೆ ನನಗೆ ನೆನಪಾಗುವುದು ಆ ಜಗಳವೇ.

ಎದೆಯಲ್ಲಿ ಗಂಟು ಕಂಡಿತು, ಶಸ್ತ್ರಚಿಕಿತ್ಸೆ ಆಯಿತು, ಒಂದಷ್ಟು ಕಾಲ ಚೆನ್ನಾಗಿದ್ದಳು. ಆಮೇಲೆ ಬೆನ್ನುನೋವು ಎಂದಳು. ಮೂಳೆಗೆ ಬಂದಿದೆ ಎಂದರು. ಈಗ ಕೊಡುವ ಔಷಧಿ ಕಾಯಿಲೆಯನ್ನು ಸ್ವಲ್ಪ ಕಾಲ ತಡೆದಿಡುತ್ತದೆ, ವಾಸಿ ಮಾಡುವುದಿಲ್ಲ ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು. ಅದನ್ನೂ ನಾನು ಅವಳಿಗೆ ಅರ್ಧವೇ ಹೇಳಿದೆ. ಪೂರ್ತಿ ಅವಳೇ ಊಹಿಸಿಕೊಂಡಳು.

ಕೆಲವು ವಾರಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಔಷಧಿಯನ್ನು ಡ್ರಿಪ್‌ನಲ್ಲಿ ಏರಿಸಿಕೊಂಡು ಬರಬೇಕು. ಸರ್ಕಾರದ ವಿಮೆ ಕಾರ್ಡು ಇದ್ದದ್ದರಿಂದ ಔಷಧಿಗೆ ದುಡ್ಡು ಕೊಡುವಂತಿರಲಿಲ್ಲ. ಆಸ್ಪತ್ರೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿತ್ತು. ಶೇರ್ ಆಟೋ, ಬಸ್ಸು, ಮತ್ತೆ ಬಸ್ಸು. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ವಾಂತಿ. ಕವರು, ನೀರಿನ ಬಾಟಲಿ, ಒದ್ದೆ ಟವೆಲು ಹಿಡಿದು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಜನ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಅವಳಿಗೆ ನೋವಿಗಿಂತ ಅದೇ ದೊಡ್ಡದಾಗಿತ್ತು. "ನಮ್ಮೂರ ಬಸ್ಸಲ್ಲಾದ್ರೆ ಯಾರಾದ್ರೂ ಬೆನ್ನು ನೀವೋರು" ಎಂದಳು ಒಂದು ಸಲ.

ಅಂಥ ಒಂದು ದಿನ, ಡ್ರಿಪ್ ಮುಗಿದ ಮೇಲೆ, ದೊಡ್ಡ ಫೋನಿನಂಥ ಟ್ಯಾಬ್ಲೆಟ್ ಹಿಡಿದ ಒಬ್ಬ ಹುಡುಗಿ ನಮ್ಮ ಹತ್ತಿರ ಬಂದಳು. ತಾನು ಡಾಕ್ಟರಲ್ಲ, ಸಂಶೋಧನೆ ಮಾಡುವವರ ಕಡೆಯವಳು ಎಂದು ಹೇಳಿಕೊಂಡಳು. ಕ್ಯಾನ್ಸರ್ ಬಂದ ಮನೆಗೆ ಆಸ್ಪತ್ರೆ ಬಿಲ್ಲಿನಲ್ಲಿ ಕಾಣಿಸದ ಖರ್ಚು ಏನೇನು ಬರುತ್ತದೆ, ಎಷ್ಟು ದೂರದಿಂದ ಬರುತ್ತಾರೆ, ಯಾರ ಕೆಲಸ ಹೋಗುತ್ತದೆ, ಕಾಯಿಲೆಯವರು ಎಲ್ಲಿದ್ದು ಚಿಕಿತ್ಸೆ ಪಡೆಯಲು ಬಯಸುತ್ತಾರೆ, ಇವನ್ನೆಲ್ಲ ಕೇಳಿ ತಿಳಿಯುತ್ತಿದ್ದಾರಂತೆ. ಮುಂದೆ ಸರ್ಕಾರ ಏನಾದರೂ ಮಾಡಬೇಕಾದರೆ ಇದು ಬೇಕು ಎಂದಳು. ಮೃದುವಾದ ಮಾತು. ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ತಾನು ಎದುರಿಗೆ ಸ್ಟೂಲ್ ಎಳೆದುಕೊಂಡಳು.

ಇವಳಿಗೆ ತಮಿಳು ಸರಿಯಾಗಿ ಬರುವುದಿಲ್ಲ, ನಾನೇ ಹೇಳುತ್ತೇನೆ ಎಂದೆ.

"ಅಮ್ಮಾವೇ ಸೊಲ್ಲಟ್ಟುಂ ಸಾರ್" ಎಂದಳು. ಅಮ್ಮನೇ ಹೇಳಲಿ, ನೀವು ಅದನ್ನು ತಮಿಳಿಗೆ ತಂದರೆ ಸಾಕು ಎಂದಳು.

ಮೊದಲು ಖರ್ಚಿನ ಪ್ರಶ್ನೆಗಳು. ಬಂದುಹೋಗಲು ಏನಾಗುತ್ತದೆ, ಊಟ ಎಲ್ಲಿ, ಜೊತೆಗೆ ಬರುವವರ ಸಂಬಳ ಕಡಿತವಾಗುತ್ತದೆಯೆ. ಹೆಂಡತಿ ಇದ್ದದ್ದು ಇದ್ದಹಾಗೆ ಹೇಳುತ್ತಿದ್ದಳು. ನಾನು ಕಡಿಮೆ ಮಾಡಿ ಹೇಳುತ್ತಿದ್ದೆ. ನಾವು ಇಲ್ಲದವರಲ್ಲ ಎಂದು ಆ ಹುಡುಗಿಗೆ ಗೊತ್ತಾಗಲಿ ಎನ್ನುವ ಹಟ. ಸಂಬಳ ಕಡಿತವಾಗುತ್ತದೆಯೇ ಎಂದಾಗ ಹೆಂಡತಿ "ಇವ್ರು ಬಂದ ದಿನ ಕೂಲಿ ಇಲ್ಲ" ಎಂದಳು. ನಾನು ತಮಿಳಿನಲ್ಲಿ, ಅಂಥದ್ದೇನೂ ಇಲ್ಲ, ಮಾಲೀಕರು ಒಳ್ಳೆಯವರು ಎಂದೆ. ಹೆಂಡತಿ ಓರೆಗಣ್ಣಿನಲ್ಲಿ ನೋಡಿ ತುಟಿಯಂಚಿನಲ್ಲಿ ನಕ್ಕಳು.

ಆಮೇಲೆ ಆ ಪ್ರಶ್ನೆ ಬಂತು. ಇದೇ ಔಷಧಿಯನ್ನು ಈಗ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲೂ ಏರಿಸುತ್ತಾರೆ. ಇಲ್ಲಿನ ಡಾಕ್ಟರು ಬರೆದುಕೊಟ್ಟರೆ ಆಯಿತು, ಅಪರೂಪಕ್ಕೊಮ್ಮೆ ಸ್ಕ್ಯಾನಿಗೆ ಇಲ್ಲಿ ಬಂದರೆ ಸಾಕು. ಅಮ್ಮನಿಗೆ ತಮ್ಮವರ ಹತ್ತಿರ ಇದ್ದುಕೊಂಡು ಅಲ್ಲಿ ಪಡೆಯಲು ಇಷ್ಟವೋ, ಇಲ್ಲೇ ಇಷ್ಟವೋ? ಇಷ್ಟ ಎಂದರೆ ಏರ್ಪಾಡು ಮಾಡಿಕೊಡುವವರೂ ಆಸ್ಪತ್ರೆಯಲ್ಲಿ ಇದ್ದಾರೆ ಎಂದಳು.

ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಹೆಂಡತಿಯ ಬೆನ್ನು ನೆಟ್ಟಗಾಗಿತ್ತು.

"ನಮ್ ಕಡೆನೂ ಕೊಡ್ತಾರಂತಾ?"

"ಕೊಡ್ತಾರಂತೆ."

"ಹಂಗಾದ್ರೆ ಹೋಯ್ತೀನಿ ಕಣ್ರೀ. ತಂಗಿ ಮನೇಲಿ ಇದ್ಕೊಂಡು ಹಾಕಿಸ್ಕೊತೀನಿ. ಈ ಬಸ್ಸು ತಪ್ತದೆ. ತಂಪಾಗೂ ಐತೆ. ನೀವು ವಾರಕ್ಕೊಂದ್ ಸಲ ಬಂದ್ ಹೋಗಿ. ಹೇಳಿ ಅವ್ಳಿಗೆ."

ನಾನು ಹುಡುಗಿಯ ಕಡೆ ತಿರುಗಿ, ಇಲ್ಲೇ ಅನುಕೂಲ ಎನ್ನುತ್ತಿದ್ದಾಳೆ, ಮನೆ, ಗಂಡ, ಮಗಳು ಎಲ್ಲ ಇಲ್ಲೇ ಅಲ್ಲವೆ, ಬೇರೆಲ್ಲಿಗೂ ಹೋಗುವುದಿಲ್ಲವಂತೆ ಎಂದೆ. ಸರಾಗವಾಗಿ ಬಂತು. ತಡವರಿಸಲಿಲ್ಲ.

ಆ ಹುಡುಗಿ ಟ್ಯಾಬ್ಲೆಟ್ ಒತ್ತುವ ಮೊದಲು ಹೆಂಡತಿಯನ್ನು ನೋಡಿದಳು. "ಅಪ್ಪಡಿಯಾಮ್ಮಾ?" ಎಂದಳು. ಹೌದೇನಮ್ಮ ಎಂದು.

ಹೆಂಡತಿ ಅವಳನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಹೊರಗಿನವರ ಎದುರು ಗಂಡನ ಮಾತನ್ನು ಹೆಂಡತಿ ತೆಗೆದುಹಾಕಬಾರದು ಎನ್ನುವುದು ನಮ್ಮ ಮನೆಗಳ ನಡವಳಿಕೆ. ಒಳಗೆ ಬಂದು ಎಷ್ಟು ಬೇಕಾದರೂ ಬೈಯಬಹುದು, ಹೊರಗೆ ಮಾತ್ರ ಬಿಟ್ಟುಕೊಡಬಾರದು. ಅವಳ ಅಮ್ಮನೂ ಹಾಗೆ, ನನ್ನ ಅಮ್ಮನೂ ಹಾಗೆ. ಅವಳು ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.

ಯಾಕೆ ಹೇಳಿದೆ? ಆಗ ಕೇಳಿದ್ದರೆ ಮರ್ಯಾದೆ ಎನ್ನುತ್ತಿದ್ದೆ. ಕಾಯಿಲೆ ಬಿದ್ದ ಹೆಂಡತಿಯನ್ನು ತವರಿಗೆ ಕಳಿಸಿದವನನ್ನು ನಮ್ಮ ಕಡೆ ಗಂಡಸು ಎನ್ನುವುದಿಲ್ಲ. ಖರ್ಚಿಗೆ ಹೆದರಿ ಸಾಗಹಾಕಿದ ಎನ್ನುತ್ತಾರೆ. ನನ್ನ ದೊಡ್ಡಪ್ಪನ ಮಗನೊಬ್ಬ ಹಾಗೆ ಕಳಿಸಿದ್ದಕ್ಕೆ ಅವನ ಮನೆಯ ಮದುವೆಗೆ ಜನ ಉಣ್ಣದೆ ಎದ್ದುಹೋದದ್ದನ್ನು ನೋಡಿದ್ದೆ. ಅದು ನಿಜವೇ. ಆದರೆ ಅದು ಹೊದಿಕೆ. ಅದರ ಕೆಳಗೆ ಇದ್ದದ್ದು ಭಯ. ಅವಳು ಊರಿಗೆ ಹೋದರೆ ತಿರುಗಿ ಬರುವುದಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ದೀಪ ಹಾಕಿರುವುದಿಲ್ಲ. ಇರುವಷ್ಟು ದಿನವಾದರೂ ನನ್ನ ಕಣ್ಣೆದುರಿಗಿರಲಿ ಎನ್ನುವ ಆಸೆ. ಆ ದಿನಗಳು ಅವಳವು ಎನ್ನುವುದು ನನ್ನ ತಲೆಗೆ ಬರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳಿ ಗೆಲ್ಲುತ್ತಿದ್ದೆನೇನೋ, ಇಲ್ಲ ಸೋತು ಮರುದಿನ ಹೋಗಿ ಉತ್ತರ ಬದಲಿಸಿ ಬರುತ್ತಿದ್ದೆನೇನೋ. ಪಾಡಿ ಸ್ಟಾಪು ದಾಟಿದ ಮೇಲೆ ಬಾಯಿಬಿಟ್ಟಳು.

"ಅನ್ನ ಬೇಯ್ಸೋಕ್ ಬರಲ್ಲ ನಂಗೆ, ಅದ್ಕೇ ಇವ್ಳನ್ನ ಕಳಿಸಲ್ಲ ಅಂತ ಆ ಹುಡ್ಗಿಗೆ ಹೇಳ್ಬಾರ್ದಿತ್ತಾ? ಅದನ್ನೂ ಟ್ಯಾಬ್ಲೆಟ್ಟಲ್ಲಿ ಒತ್ಕೊಳ್ಳೋಳು."

"ಸುಮ್ನಿರೆ" ಎಂದೆ. ಅವಳು ನಕ್ಕಳು, ಆಮೇಲೆ ಕವರು ಕೇಳಿದಳು.

ನಿಜವಾದ ತೊಡಕು ಮನೆಗೆ ಬಂದ ಮೇಲೆ ಶುರುವಾಯಿತು. ಅವಳ ತಂಗಿ, ಅಂದರೆ ನನ್ನ ನಾದಿನಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ತವರಿನ ಹೊಲ ನೋಡಿಕೊಂಡು ರೇಷ್ಮೆ ಬೆಳೆ ತೆಗೆಯುವವಳು. ಕಾಯಿಲೆ ತಿರುಗಿ ಬಂದಾಗಿನಿಂದ, ಅಕ್ಕನನ್ನು ಇಲ್ಲಿಗೆ ಕಳಿಸಿ ಭಾವ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ತಮ್ಮ ಕಡೆಯ ಆಸ್ಪತ್ರೆಯಲ್ಲೂ ಔಷಧಿ ಕೊಡುತ್ತಾರೆ ಎಂದು ಅವಳಿಗೆ ಅಲ್ಲಿನ ನರ್ಸಮ್ಮನಿಂದ ಮೊದಲೇ ಗೊತ್ತಾಗಿತ್ತು. ಮನೆ ಚಿಕ್ಕದು, ಕತ್ತಲೆ. ರೇಷ್ಮೆ ಸಾಕುವ ಹುಳದ ಮನೆ ಮಾತ್ರ ದೊಡ್ಡದು, ನಾಲ್ಕೂ ಕಡೆ ಗಾಳಿ. ಅಕ್ಕನನ್ನು ಅಲ್ಲಿ ಮಲಗಿಸಬೇಕೆಂದು ಅವಳ ಯೋಚನೆ. ಔಷಧಿ ವಾಸನೆಗೆ ರೇಷ್ಮೆ ಹುಳ ತಡೆಯುವುದಿಲ್ಲವೆಂದು ಆ ಸಲ ಮೊಟ್ಟೆಯನ್ನೇ ತರಲಿಲ್ಲ. ಬೆಳೆ ಬಿಟ್ಟಳು. ಸುಣ್ಣ ಹೊಡೆಸಿ, ಹುಳ ಸಾಕುವ ತಟ್ಟೆಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿ, ತೋಟದ ಹಿಪ್ಪುನೇರಳೆ ಸೊಪ್ಪನ್ನು ಪಕ್ಕದವರಿಗೆ ಕೊಟ್ಟು ಕಾಯುತ್ತ ಕೂತಳು.

ಅವಳ ಫೋನ್ ಬಂದಾಗ ಹೆಂಡತಿ ಮಲಗಿದ್ದಳು. ನಾನು ಬೀದಿಗೆ ಇಳಿದು ಮಾತಾಡಿದೆ.

"ಆಸ್ಪತ್ರೇಲಿ ಕೇಳಿದ್ರಮ್ಮ. ನಿಮ್ಮಕ್ಕಂಗೇ ಮನಸ್ಸಿಲ್ಲ" ಎಂದೆ.

"ಸುಣ್ಣ ಹೊಡ್ಸಿದೀನಿ ಭಾವ" ಎಂದಳು. ಅಷ್ಟೇ ಹೇಳಿ ಇಟ್ಟಳು.

ಹೆಂಡತಿ ಆಮೇಲೆ ಅದನ್ನು ಎತ್ತಲಿಲ್ಲ. ಆದರೆ ಊರು ಅವಳ ಬಾಯಲ್ಲಿ ಬರುತ್ತಲೇ ಇತ್ತು. ಅಂಬತ್ತೂರಿನ ಬಿಸಿಲಿಗೆ ಫ್ಯಾನಿನ ಕೆಳಗೆ ಒದ್ದೆ ಬಟ್ಟೆ ಹೊದ್ದು ಮಲಗಿ, "ಈಗ ಅಲ್ಲಿ ಶಾಲು ಬೇಕು" ಎನ್ನುತ್ತಿದ್ದಳು. ಸಣ್ಣವರಿದ್ದಾಗ ಹುಳ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಅಕ್ಕತಂಗಿ ಇಬ್ಬರೂ ಹುಳದ ಮನೆಯಲ್ಲೇ ಮಲಗುತ್ತಿದ್ದರಂತೆ. ಸೊಪ್ಪು ಹಾಕಿದ ತಕ್ಷಣ ಎಲ್ಲ ಹುಳ ಒಟ್ಟಿಗೆ ತಿನ್ನುವ ಸದ್ದು, ತುಂತುರು ಮಳೆ ಹಿಡಿದ ಹಾಗೆ. ಆ ಸದ್ದಿನಲ್ಲಿ ಬಂದ ನಿದ್ದೆ ಆಮೇಲೆ ಬರಲೇ ಇಲ್ಲ ಎನ್ನುತ್ತಿದ್ದಳು. ತಂಗಿಗೆ ಜಡೆ ಹಾಕುತ್ತಿದ್ದದ್ದು, ಅವಳು ಅಳುತ್ತಿದ್ದದ್ದು, ಸೊಪ್ಪು ಕೀಳುವಾಗ ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆ ತೋರಿಸಿಕೊಳ್ಳುತ್ತಿದ್ದದ್ದು. ನಾನು ಕಾಲು ಒತ್ತುತ್ತ ಹೂಂಗುಡುತ್ತಿದ್ದೆ. ಒಂದೊಂದು ಸಲ ಇನ್ನೇನು, ನಾಳೆ ಕರೆದುಕೊಂಡು ಹೋಗುತ್ತೇನೆ ಎಂದುಬಿಡುತ್ತೇನೆ ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ. ಡ್ರಿಪ್ಪಿನ ದಿನ ಬಂದಾಗ ಮತ್ತೆ ಅದೇ ಬಸ್ಸು ಹಿಡಿಯುತ್ತಿದ್ದೆವು.

ತಂಗಿ ಒಂದೇ ಸಲ ಬಂದು ನೋಡಿದಳು. ಅಕ್ಕನ ಪಕ್ಕ ಕೂತು ತಲೆ ಬಾಚಲು ಹೋದಳು. ಕೂದಲಿರಲಿಲ್ಲ. ಬಾಚಣಿಗೆ ಹಿಡಿದುಕೊಂಡೇ ಕೂತಿದ್ದು ಸಂಜೆಯ ಬಸ್ಸಿಗೆ ಹೊರಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಆಗ ಅದಕ್ಕೆ ಕಾರಣ ಕಾಯಿಲೆ ಎಂದುಕೊಂಡೆ.

ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ, ಮುಗಿಯುವ ಹೊತ್ತಿಗೆ ಹೆಂಡತಿ ತೀರಿಕೊಂಡಳು. ಕಾರ್ಯಕ್ಕೆ ಬಂದ ನಾದಿನಿ ಅಡುಗೆಮನೆಯಲ್ಲಿ ಮಗಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ನಿಮ್ಮಮ್ಮಂಗೆ ಸಾಯಕ್ಕೂ ನಮ್ಮನೆ ಬ್ಯಾಡವಾಯ್ತು ಮಗ. ಹುಳದ ಮನೇಲಿ ಮಲಗ್ಸ್ತಾಳೆ ಅಂತ ಬೇಜಾರಾಯ್ತೇನೋ." ಮಗಳು ತಮಿಳಿನಲ್ಲಿ ಏನೋ ಸಮಾಧಾನ ಹೇಳಿದಳು. ನಾನು ಬಾಗಿಲ ಹತ್ತಿರದವರೆಗೆ ಹೋದೆ. ಒಳಗೆ ನಾಲ್ಕು ಜನ ನೆಂಟರಿದ್ದರು. ಹಿಂದಕ್ಕೆ ಬಂದೆ.

ಅಲ್ಲಿಂದ ಫೋನು ನಿಂತಿತು. ವರ್ಷ ಕಳೆಯಿತು, ಹಬ್ಬಕ್ಕೂ ಇಲ್ಲ. ನಾನು ಅನ್ನ ಬೇಯಿಸಲು ಕಲಿತೆ, ಸಾರು ಮಾಡಲು ಕಲಿತೆ. ಸೊಪ್ಪಿನವಳು ಬಾಗಿಲಿಗೆ ಬಂದರೆ ಹೇಳಿದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಒಂದು ದಿನ ಅವಳೇ, ನೀವು ಯಾಕೆ ಅಯ್ಯಾ ಜಗಳವೇ ಆಡುವುದಿಲ್ಲ ಎಂದಳು. ಚಿಲ್ಲರೆ ಎಣಿಸಿ ಕೊಟ್ಟೆ.

ಈ ವರ್ಷ ಬೇಸಿಗೆಗೆ ಮೊದಲು ಆ ಟ್ಯಾಬ್ಲೆಟ್ ಹುಡುಗಿ ಫೋನ್ ಮಾಡಿ ಮನೆಗೇ ಬಂದಳು. ಸಂಶೋಧನೆಯ ಮುಂದಿನ ಭಾಗದಲ್ಲಿ ಕಾಯಿಲೆಯವರನ್ನು ನೋಡಿಕೊಂಡವರ ಹತ್ತಿರ ಮಾತಾಡುತ್ತಿದ್ದಾರಂತೆ. ಗೋಡೆಯ ಮೇಲಿನ ಫೋಟೋ ನೋಡಿ ಚಪ್ಪಲಿ ಬಿಟ್ಟು ಕೈಮುಗಿದಳು. ಕಾಫಿ ಮಾಡಿಕೊಟ್ಟೆ, ಕುಡಿದಳು. ಈ ಸಲ ಖರ್ಚಿನ ಪ್ರಶ್ನೆಗಳಿಗೆ ನಾನು ಏನನ್ನೂ ಕಡಿಮೆ ಮಾಡದೆ ಹೇಳಿದೆ. ಸಂಬಳ ಹೋದದ್ದನ್ನೂ ಹೇಳಿದೆ. ಹೋದ ಸಲ ಬೇರೆ ಹೇಳಿದ್ದಿರಿ ಎಂದು ಅವಳು ಹಂಗಿಸಲಿಲ್ಲ.

ಕೊನೆಯ ಹೊತ್ತಿಗೆ ಕೇಳಿದಳು, ಈ ಕಾಯಿಲೆಯಿಂದ ನಿಮ್ಮ ಮನೆಯ ಆಚೆ ಯಾರಿಗಾದರೂ ನಷ್ಟವಾಯಿತೆ, ಯಾರಾದರೂ ಕೆಲಸವನ್ನೋ ಬೆಳೆಯನ್ನೋ ಬಿಡಬೇಕಾಯಿತೆ ಎಂದು.

ಬೆಳೆ ಎಂದು ಅವಳು ವಾಡಿಕೆಗೆ ಹೇಳಿದ್ದಿರಬೇಕು. ನನಗೆ ಸುಣ್ಣ ಹೊಡೆದ ಹುಳದ ಮನೆ ಕಣ್ಣ ಮುಂದೆ ಬಂತು. ನಾದಿನಿ ರೇಷ್ಮೆ ಬೆಳೆ ಬಿಟ್ಟಳು ಎಂದೆ. ಯಾಕೆ ಎಂದಳು. ಅಕ್ಕ ಬರುತ್ತಾಳೆ ಎಂದು. ಅಮ್ಮ ಹೋಗುವುದಿಲ್ಲ ಎಂದಿದ್ದರಲ್ಲ ಎಂದಳು. ಅವಳಿಗೆ ನೆನಪಿತ್ತು. ಅಲ್ಲಿಂದ ನನಗೆ ನಿಲ್ಲಿಸಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಟ್ಯಾಬ್ಲೆಟನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು, ಹತ್ತಿರದಲ್ಲೇ ಔಷಧಿ ಸಿಗುತ್ತದೆ ಎಂದರೂ ಬೇಡ ಎಂದವರು ಯಾಕೆ ಬೇಡ ಎಂದರು ಎಂದು ಸಂಶೋಧನೆ ನಡೆಸುವ ಮೇಡಂ ತಲೆ ಕೆಡಿಸಿಕೊಂಡಿದ್ದಾರೆ ಎಂದು. ಬೇಡ ಎಂದವರ ಸಾಲಿನಲ್ಲಿ ನನ್ನ ಹೆಂಡತಿಯೂ ಇದ್ದಳು. ಯಾವುದೋ ಊರಿನ ಯಾವುದೋ ಹೆಂಗಸಿಗೆ ಈ ಸುಳ್ಳು ಲೆಕ್ಕದಿಂದ ಏನಾದರೂ ಅನುಕೂಲ ತಪ್ಪಿತೋ ಏನೋ, ನನಗೆ ತಿಳಿಯದು.

ಅದನ್ನು ಈಗ ತಿದ್ದಬಹುದೇ ಎಂದೆ.

"ಅದು ಅಮ್ಮಾವೋಡ ಬದಿಲ್ ಸಾರ್. ನೀಂಗ ಮಾತ್ತ ಮುಡಿಯಾದು" ಎಂದಳು. ಅದು ಅಮ್ಮನ ಉತ್ತರ, ಅದನ್ನು ನೀವು ಬದಲಾಯಿಸುವ ಹಾಗಿಲ್ಲ. ಇವತ್ತು ಹೇಳಿದ್ದನ್ನು ನಿಮ್ಮ ಮಾತಾಗಿಯೇ ಸೇರಿಸುತ್ತೇನೆ ಎಂದಳು. ಚಪ್ಪಲಿ ಮೆಟ್ಟುವಾಗ ತಿರುಗಿ, ಇದು ಅಮ್ಮನ ತಂಗಿಗೆ ಗೊತ್ತೆ ಎಂದು ಕೇಳಿದಳು. ಇಲ್ಲ ಎಂದೆ. ಅವಳು ತಲೆಯಾಡಿಸಿ ಗೇಟು ಎಳೆದುಕೊಂಡು ಹೋದಳು.

ಆ ವಾರವೇ ಬೆಂಗಳೂರು ಬಸ್ಸು ಹತ್ತಿದೆ. ಹೊಸೂರಿನಲ್ಲಿ ಇಳಿದು ತಳಿ ಕಡೆಯ ಬಸ್ಸಿಗೆ ಕಾದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಬಸ್ಸಿನ ಕುಲುಕಿಗೆ ಸೊಂಟ ಹಿಡಿದುಕೊಂಡಿತೆಂದು ನೋವಿನ ಮುಲಾಮು ಹಚ್ಚಿಕೊಂಡೆ. ಅದೇ ಎಡವಟ್ಟಾಯಿತು.

ನಾದಿನಿ ಹುಳದ ಮನೆಯಲ್ಲಿದ್ದಳು. ಬಾಗಿಲಿಗೆ ನೊಣ ಬರದ ಹಾಗೆ ಬಲೆ ಹೊಡೆದಿತ್ತು. ನನ್ನನ್ನು ನೋಡಿ ಒಂದು ಕ್ಷಣ ನಿಂತಳು, ಆಮೇಲೆ ಮೂಗು ಅರಳಿಸಿದಳು.

"ಅಲ್ಲೇ ನಿಂತ್ಕಳಿ ಭಾವ! ಏನ್ ಬಳ್ಕೊಂಡು ಬಂದಿದೀರ ಮೈಗೆ? ಹುಳ ಸಾಯ್ತವೆ."

"ಸೊಂಟಕ್ಕೆ ಹಚ್ಕೊಂಡೆ ಕಣಮ್ಮ."

"ನಲವತ್ತು ವರ್ಷ ಹುಳದ ಮನೆ ಅಳಿಯ, ಇಷ್ಟೂ ಗೊತ್ತಿಲ್ಲ. ಆ ಜಗಲಿ ಮೇಲೆ ಕೂತ್ಕಳಿ. ನಾಕನೇ ಜ್ವರ ಎದ್ದವೆ, ಸೊಪ್ಪು ಬಿಡಂಗಿಲ್ಲ."

ಹುಳ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳಕ್ಕೆ ಹಸಿವು ಹೆಚ್ಚು, ಸೊಪ್ಪು ಹಾಕುತ್ತಲೇ ಇರಬೇಕು. ಹೀಗೆ ಅವಳು ಬಲೆಯ ಒಳಗೆ, ನಾನು ಹೊರಗೆ ಜಗಲಿಯ ಮೇಲೆ. ಅವಳ ಮುಖ ಕಾಣುತ್ತಿರಲಿಲ್ಲ, ಆಕಾರವಷ್ಟೇ ಓಡಾಡುತ್ತಿತ್ತು. ಮುಖ ಕಾಣದ್ದರಿಂದಲೇ ನನಗೆ ಧೈರ್ಯ ಬಂದಿರಬೇಕು.

"ನಿಮ್ಮಕ್ಕ ಬರ್ತೀನಿ ಅಂದಿದ್ಲು" ಎಂದೆ. ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟುಹೋಗಿ ಇದೊಂದು ಬಂತು.

ಆಕಾರ ನಿಂತಿತು.

"ಆಸ್ಪತ್ರೇಲಿ ಕೇಳಿದಾಗ ತಂಗಿ ಮನೆಗೆ ಹೋಯ್ತೀನಿ ಅಂದ್ಲು. ನಾನು ಇಲ್ಲ ಅಂತ ಹೇಳ್ದೆ. ನಿಂಗೂ ಅದೇ ಹೇಳ್ದೆ. ಕಳಿಸೋಕೆ ನಂಗೆ ಮನಸ್ಸಿರ್ಲಿಲ್ಲ."

ಬೈಗುಳಕ್ಕೆ ನಾನು ತಯಾರಾಗಿದ್ದೆ. ಬಂದದ್ದು ಬೇರೆ.

"ನಿಮ್ಮ ಮಾತು ನಾನು ಅವತ್ತೂ ನಂಬ್ಲಿಲ್ಲ ಭಾವ. ಮಾರನೇ ದಿನ ನೀವು ಕೆಲ್ಸಕ್ಕೆ ಹೋದ ಹೊತ್ತು ನೋಡಿ ಅಕ್ಕಂಗೆ ಫೋನ್ ಮಾಡ್ದೆ. ನಿಜ ಹೇಳು, ಭಾವ ಬಿಡ್ತಿಲ್ವಾ ಅಂದೆ. ಅವ್ರದ್ದೇನೂ ಇಲ್ಲ, ನಂಗೇ ಬ್ಯಾಡ, ನಿನ್ ಹುಳದ ಮನೇಲಿ ನಾ ಯಾಕೆ ಮಲಗ್ಲಿ ಅಂದ್ಲು. ಒರಟಾಗಿ ಅಂದ್ಲು. ಹಂಗೆ ಯಾವತ್ತೂ ಅಂದೋಳಲ್ಲ."

ನನಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ತಲೆಯಾಡಿಸಿದ್ದಷ್ಟೇ ಅವಳು ನನಗಾಗಿ ಮಾಡಿದ್ದು ಎಂದುಕೊಂಡಿದ್ದೆ. ನನ್ನ ಸುಳ್ಳು ನಿಲ್ಲಲೆಂದು ತಂಗಿಯ ಹತ್ತಿರವೂ ಕಲ್ಲಾಗಿ ಮಾತಾಡಿದ್ದಳು. ಆಮೇಲೆ ಆ ತಂಗಿಯ ಮುಖ ನೋಡಲಾಗದೆ ಗೋಡೆ ನೋಡಿಕೊಂಡು ಮಲಗಿದ್ದಳು.

"ಆಸ್ಪತ್ರೇಲಿ ಅಕ್ಕ ಏನಂದ್ಲು? ಅವ್ಳು ಅಂದಂಗೇ ಹೇಳಿ. ನಿಮ್ ಮಾತು ಸೇರಿಸ್ಬ್ಯಾಡಿ."

ಹೇಳಿದೆ. ಬಸ್ಸು ತಪ್ಪುತ್ತದೆ ಎಂದದ್ದು, ತಂಪಾಗಿದೆ ಎಂದದ್ದು, ಹೇಳಿ ಅವಳಿಗೆ ಎಂದದ್ದು. ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ. ಬಲೆಯ ಆಚೆ ಸೆರಗಿನಲ್ಲಿ ಮುಖ ಒರೆಸಿಕೊಂಡದ್ದು ಗೊತ್ತಾಯಿತು. ಮತ್ತೆ ಸೊಪ್ಪಿನ ಕಟ್ಟು ಬಿಚ್ಚಿದ ಸದ್ದು.

"ಅಡ್ಗೆ ಮನೇಲಿ ಮುದ್ದೆ ಐತೆ, ಹಾಕ್ಕೊಂಡು ಉಣ್ಣಿ. ನಾ ಬಡ್ಸಲ್ಲ" ಎಂದಳು.

ನಾನು ಎದ್ದು ಮನೆಯ ಕಡೆ ಎರಡು ಹೆಜ್ಜೆ ಹಾಕಿದ್ದೆ. ಒಳಗಿನಿಂದ ಕರೆದಳು.

"ಭಾವ. ಅವತ್ತು ಮಂಚ ಎಲ್ಲಿ ಹಾಕ್ಸದು ಅಂತ ದಿನವೆಲ್ಲ ಎಳೆದಾಡಿದ್ದೆ. ಬಾಗ್ಲ ಹತ್ರ ಹಾಕಿದ್ರೆ ತೋಟ ಕಾಣ್ತದೆ. ಒಳಗೆ ಹಾಕಿದ್ರೆ ಬೆಚ್ಚಗಿರ್ತದೆ. ಅವ್ಳಾಗಿದ್ರೆ ಎಲ್ಲಿ ಬೇಕು ಅನ್ನೋಳು?"

ಬಾಗಿಲ ಹತ್ತಿರ ಎಂದು ನನ್ನ ಬಾಯಿಗೆ ಬಂದಿತ್ತು. ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು, ನಂಬುತ್ತಿದ್ದಳು ಕೂಡ.

"ಗೊತ್ತಿಲ್ಲಮ್ಮ" ಎಂದೆ. "ನಾನು ಅವಳನ್ನ ಕೇಳಲಿಲ್ಲ."